ಆಯಿ ಅಂದರೆ ಯಾರು?

ಹೋದ ತಿಂಗಳು ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಗೋಕಾಕದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಮೂರು ವರ್ಷದ ಒಬ್ಬ ಹುಡುಗ, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕಿಟು, "ಆಯೀ... ಆಯೀ..." ಅಂತ ಅಳುತ್ತಾ ಬಂದು ನನ್ನ ಚೀಲದ ಪಕ್ಕ ನಿಂತ. ಪಕ್ಕದ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಒಬ್ಬ ಅಜ್ಜ ಗಡಬಡಿಸಿ ಎದ್ದು "ಕೌನ್ಸೀ ಆಯೀ?" ಎಂದು ಪ್ಲಾಟ್‌ಫಾರ್ಮಿನ ಕಡೆ ನೋಡಿದರು. ಅವರ ಮನೆಮಾತು ಉರ್ದು. ಅವರಿಗೆ ಅದು "ಬಂತು" ಎಂದು ಕೇಳಿಸಿತ್ತು, ಅಂದರೆ ಬಸ್ಸು ಬಂತು. ಬಂದಿದ್ದು ಬಸ್ಸಲ್ಲ, ಹುಡುಗ ಅಂತ ಗೊತ್ತಾದ ಮೇಲೆ ಮತ್ತೆ ಗೋಡೆಗೆ ಒರಗಿದರು.

ನಾನು ಮಾತ್ರ ಎದ್ದು ಹುಡುಕಲು ಶುರು ಮಾಡಿದೆ. ಯಾರನ್ನು ಹುಡುಕಿದೆ ಅನ್ನುವುದೇ ಇಲ್ಲಿನ ವಿಷಯ. ನಾನು ಮುದುಕಿಯರನ್ನು ಹುಡುಕಿದೆ. ಇಳಕಲ್ ಸೀರೆಯ ಒಬ್ಬಾಕೆ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಇವ ನಿಮ್ಮ ಮೊಮ್ಮಗನೇನ್ರೀ?" ಎಂದೆ. "ಅಲ್ಲ ತಂಗಿ, ನನ್ನ ಮೊಮ್ಮಗ ಮಿಲಿಟ್ರಿಯಾಗ ಅದಾನ" ಎಂದರು. ಇನ್ನೊಬ್ಬರನ್ನು ಕೇಳಿದೆ. ಹುಡುಗನನ್ನೂ ಕೇಳಿದೆ, "ನಿಮ್ಮ ಆಯಿ ಕೂದಲಾ ಬೆಳ್ಳಗ ಅದಾವೇನೋ?" ಅವನು ಅಳು ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದ. ಕೊನೆಗೆ ಮೈಕಿನಲ್ಲಿ ಹೇಳಿಸೋಣ ಅಂತ ಅವನನ್ನು ಎತ್ತಿಕೊಂಡು ಕಂಟ್ರೋಲರ್ ಕಿಟಕಿಗೆ ಹೋಗುವಷ್ಟರಲ್ಲಿ ಜೀನ್ಸ್ ಹಾಕಿದ, ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ ಓಡಿ ಬಂದು ಅವನನ್ನು ನನ್ನ ಕಂಕುಳಿಂದ ಕಿತ್ತುಕೊಂಡಳು. "ಆಈ!" ಎಂದು ಅವನು ಅವಳ ಕುತ್ತಿಗೆಗೆ ಬಿದ್ದ. ಅವಳು ಅದಕ್ಕೂ ಮುಂಚೆ ಎರಡು ಸಲ ನನ್ನೆದುರೇ ಗಾಬರಿಯಿಂದ ಹಾದು ಹೋಗಿದ್ದಳು. ನಾನು ನೋಡಿದ್ದೆ. ಈಕೆಗೇನೋ ಬಸ್ಸು ತಪ್ಪಿದೆ, ಪಾಪ, ಅಂದುಕೊಂಡಿದ್ದೆ.

ಮರಾಠಿಯಲ್ಲಿ ಆಯಿ ಅಂದರೆ ತಾಯಿ ಅಂತ ನನಗೆ ಗೊತ್ತಿಲ್ಲವೇ? ಹುಟ್ಟಿ ಬೆಳೆದದ್ದು ಶಹಾಪುರದಲ್ಲಿ. ಗೋಡೆಯ ಆಚೆ ಮರಾಠಿ, ಈಚೆ ಕನ್ನಡ. ಗೊತ್ತಿರುವುದು ಮಾತ್ರವಲ್ಲ, ಈ ಒಂದು ಪದದ ಸಲುವಾಗಿ ಏಳನೇ ವಯಸ್ಸಿನಲ್ಲಿ ಒಂದು ದೊಡ್ಡ ರಾದ್ಧಾಂತವನ್ನೇ ಮಾಡಿದವಳು ನಾನು. ಆದರೂ ಅವತ್ತು ಕಿವಿ ಸೀದಾ ಅಜ್ಜಿಯ ಕಡೆ ಹೋಯಿತು. ನಮ್ಮ ಮನೆಯಲ್ಲಿ ಆಯಿ ಅಂದರೆ ಅಪ್ಪನ ಅವ್ವ. ಕಲಿತ ಅರ್ಥ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮನೆಯ ಅರ್ಥ ಒಳಗೆ ಬಂದು ಕೂತಿರುತ್ತದೆ.

ಹಿಟ್ಟಿನ ಕೈ

1984ರ ಜುಲೈ. ಬೆಳಗಾವಿಯ ಮಳೆ ಗೊತ್ತಲ್ಲ, ಶುರುವಾದರೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ನಮ್ಮ ಗಲ್ಲಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯ ಕಾಕೂ ಸೀನುತ್ತಿದ್ದರು. ಎದುರು ಸಾಲಿನಲ್ಲಿ ಮಗ್ಗದ ಸದ್ದು. ಕಾಕೂ ಮನೆಯವರು ಮರಾಠಿ, ಆದರೆ ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದರು. ಅವ್ವ ಅವರ ಜೊತೆ ಮರಾಠಿ ಮಾತಾಡುತ್ತಿದ್ದಳು. ಇಬ್ಬರೂ ಇನ್ನೊಬ್ಬರ ಭಾಷೆಯನ್ನೇ ತಪ್ಪುತಪ್ಪಾಗಿ ಆಡುವುದು ಅಲ್ಲಿನ ಮರ್ಯಾದೆ.

ಬೈಲಹೊಂಗಲ ಕಡೆಯ ನಮ್ಮೂರಿನಲ್ಲಿದ್ದ ಆಯಿ ರಾತ್ರಿ ತೀರಿಕೊಂಡಿದ್ದಳು. ನಸುಕಿನಲ್ಲಿ ಸುದ್ದಿ ಬಂತು. ಅಪ್ಪ ಅಂಗಿ ಹಾಕಿಕೊಂಡು ಹಾಗೇ ಹೊರಟುಬಿಟ್ಟ. ಅವ್ವ ಅಳುತ್ತಾ ಚೀಲಕ್ಕೆ ಬಟ್ಟೆ ತುಂಬುತ್ತಾ ನನಗೆ ಹೇಳಿದಳು, "ಕಾಕೂಗ ಹೇಳಿ ಬಾ, ಆಯಿ ಹೋದ್ಲಂತ. ಮನಿ ಕಡೆ ನೋಡ್ಕೋರಿ ಅನ್ನು." ನಾನು ಓಡಿದೆ. ಆ ದಿನಗಳಲ್ಲಿ ನನಗೆ ನನ್ನ ಮರಾಠಿಯ ಬಗ್ಗೆ ಭಾರಿ ಜಂಬ. ಕಾಕೂ ಒಲೆಯ ಮುಂದೆ ಭಾಕರಿ ಬಡಿಯುತ್ತಿದ್ದರು. ಬಾಗಿಲಲ್ಲಿ ನಿಂತು, ಸುದ್ದಿಗೆ ತಕ್ಕ ಗಂಭೀರ ಮುಖ ಮಾಡಿಕೊಂಡು ಹೇಳಿದೆ:

"ಕಾಕೂ, ಆಮಚೀ ಆಈ ಗೇಲೀ."

ವ್ಯಾಕರಣ ನೋಡಿದರೆ ಒಂದೂ ತಪ್ಪಿಲ್ಲ. ನಮ್ಮ ಆಯಿ ಹೋದಳು. ಹೋದಳು ಅನ್ನುವುದಕ್ಕೆ ಸತ್ತಳು ಅನ್ನುವ ಅರ್ಥ ಎರಡೂ ಭಾಷೆಯಲ್ಲಿದೆ. ಕಾಕೂ ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ "ಅಗ ಬಾಈ!" ಎಂದು ಎದೆ ಬಡಿದುಕೊಂಡು, ತವೆಯ ಮೇಲಿನ ಭಾಕರಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಮಳೆಗೆ ಓಡಿದರು. ಅವರ ಕೂಗಿಗೆ ಎದುರು ಮನೆಯ ಮಗ್ಗ ನಿಂತಿತು. ಮೂರ್ನಾಲ್ಕು ಬಾಗಿಲು ತೆರೆದವು. "ಸಣ್ಣ ಮಕ್ಳನ್ನ ಬಿಟ್ಟು ಹೋದ್ಲಲ್ಲೋ" ಎಂದು ಯಾರೋ ಆಗಲೇ ಶುರು ಮಾಡಿದ್ದರು. ನಮ್ಮ ಬಾಗಿಲು ಅರ್ಧ ತೆರೆದಿತ್ತು. ಕಾಕೂ ಅದನ್ನು ದೂಡಿದರೆ, ಎದುರಿಗೆ ಅವ್ವ ಚೀಲ ಹಿಡಿದು ನಿಂತಿದ್ದಾಳೆ.

ಆಮೇಲೆ ಆದದ್ದು ನನಗೆ ಸದ್ದಿಲ್ಲದ ಚಿತ್ರದ ಹಾಗೆ ನೆನಪಿದೆ. ಕಾಕೂ ಚೀರಿದರು. ಚೀರಿ, ಎರಡೂ ಕೈಯಿಂದ ಅವ್ವನ ಕೆನ್ನೆ ಹಿಡಿದರು, ಇದ್ದಾಳೋ ಇಲ್ಲವೋ ಅಂತ ಮುಟ್ಟಿ ನೋಡುವವರ ಹಾಗೆ. ಅವ್ವನಿಗೆ ಏನೂ ತಿಳಿಯಲಿಲ್ಲ. ಅತ್ತೆ ಸತ್ತದ್ದಕ್ಕೆ ಕಾಕೂಗೆ ಇಷ್ಟು ದುಃಖವೇ ಅಂತ ಅವಳೂ ಜೋರಾಗಿ ಅತ್ತಳು. ವಿಷಯ ಬಿಡಿಸಿಕೊಳ್ಳಲು ಐದು ನಿಮಿಷ ಬೇಕಾಯಿತು. ಬಿಡಿಸಿದ ಮೇಲೆ ಇಬ್ಬರೂ ನಕ್ಕರು. ಸಾವಿನ ಮನೆಯಲ್ಲಿ ನಕ್ಕದ್ದಕ್ಕೆ ನಾಚಿ ಮತ್ತೆ ಅತ್ತರು. ನನಗೆ ಕಾಕೂ ಬೆನ್ನಿಗೆ ಒಂದು ಏಟು ಹಾಕಿದರು, ಮೆತ್ತಗೆ.

ಊರಿಗೆ ಹೋಗುವ ಬಸ್ಸಿನಲ್ಲಿ ನೋಡಿದರೆ ಅವ್ವನ ಎರಡೂ ಕೆನ್ನೆಯ ಮೇಲೆ ಜೋಳದ ಹಿಟ್ಟಿನ ಬೆರಳು ಮೂಡಿದ್ದವು. ನಾನು ಹೇಳಲಿಲ್ಲ. ಇನ್ನೊಂದು ಏಟು ಬಿದ್ದೀತು ಅಂತ ಹೆದರಿಕೆ. ಸೊಸೆ ಮುಖಕ್ಕೆ ಪೌಡರ್ ಬಳಿದುಕೊಂಡು ಮಣ್ಣಿಗೆ ಬಂದಳು ಅಂತ ಊರಲ್ಲಿ ಎಷ್ಟೋ ವರ್ಷ ಮಾತಿತ್ತು. ಅವ್ವ ಮಾತ್ರ ಅವತ್ತಿನಿಂದ ಯಾವ ಜಡ್ಡು ಬಂದರೂ ಅದೇ ಮಾತು ಹೇಳುತ್ತಿದ್ದಳು: "ನಾ ಒಮ್ಮೆ ಸತ್ತಾಕಿ. ಇನ್ನ ಲಗೂನ ಸಾಯಾಂಗಿಲ್ಲ."

ಈಗ ಕೂತು ಯೋಚಿಸಿದರೆ ಒಂದು ವಿಷಯ ಕುತೂಹಲ ಹುಟ್ಟಿಸುತ್ತದೆ. ನಾವು ಅಜ್ಜಿಗೆ ಆಯಿ ಅನ್ನುತ್ತೇವೆ ಅಂತ ಕಾಕೂಗೆ ಚೆನ್ನಾಗಿ ಗೊತ್ತಿತ್ತು. ಆಯಿ ನಮ್ಮನೆಗೆ ಬಂದಾಗಲೆಲ್ಲ ಅವರೂ "ಆಯಿ, ಚಾ ಕುಡೀರಿ" ಅನ್ನುತ್ತಿದ್ದರು. ನಾನು ಕನ್ನಡದಲ್ಲಿ "ನಮ್ಮ ಆಯಿ ಹೋದ್ಲು" ಅಂದಿದ್ದರೆ ಭಾಕರಿ ಹೊತ್ತುತ್ತಿರಲಿಲ್ಲ. ಜಂಬಕ್ಕೆ ಮರಾಠಿಯಲ್ಲಿ ಹೇಳಿದೆ ನೋಡಿ, ಪದ ಆ ವಾಕ್ಯದ ಬಟ್ಟೆ ತೊಟ್ಟುಕೊಂಡಿತು. ಬಸ್‌ಸ್ಟ್ಯಾಂಡಿನ ಹುಡುಗನ ಹತ್ತಿರ ವಾಕ್ಯವೇ ಇರಲಿಲ್ಲ, ಬರೀ ಪದ. ಹಾಗಾಗಿ ಉರ್ದುವಿನ ಅಜ್ಜನಿಗೆ ಅದು ಬಸ್ಸಾಯಿತು, ನನಗೆ ಅಜ್ಜಿಯಾಯಿತು.

ಒಂದು ಮೆಟ್ಟಿಲು ಕೆಳಗೆ

ನಮ್ಮ ಆಯಿ ಮರಾಠಿಗೆ ಹೋದರೆ ಒಂದು ತಲೆಮಾರು ಕೆಳಗಿಳಿದು ತಾಯಿಯಾಗುತ್ತಾಳೆ. ತಮಾಷೆ ಅಂದರೆ ತಾಯಿಯೂ ಅಲ್ಲಿ ಒಂದು ಮೆಟ್ಟಿಲು ಇಳಿಯುತ್ತಾಳೆ. ಮರಾಠಿಯ 'ತಾಈ' ಅಂದರೆ ಅಕ್ಕ. ಇಡೀ ಮನೆಯೇ ಗಡಿ ದಾಟಿದ ತಕ್ಷಣ ಒಂದೊಂದು ತಲೆಮಾರು ಚಿಕ್ಕದಾಗುತ್ತದೆ.

ಮೈಸೂರಿನ ಗೆಳತಿಯೊಬ್ಬಳನ್ನು ಒಮ್ಮೆ ಖಡೇಬಜಾರಿಗೆ ಕರೆದುಕೊಂಡು ಹೋಗಿದ್ದೆ. ಸೀರೆ ಅಂಗಡಿಯ ಹುಡುಗ ನಮ್ಮಿಬ್ಬರನ್ನೂ "ಯಾ ತಾಈ, ಬಸಾ ತಾಈ" ಎಂದು ಕರೆದು ಕೂರಿಸಿದ. ಹೊರಗೆ ಬಂದ ಮೇಲೆ ಅವಳು ಕಣ್ಣರಳಿಸಿ, "ನಿಮ್ಮೂರಲ್ಲಿ ಎಷ್ಟು ಗೌರವ ಕಣೇ, ತಾಯಿ ಅಂತಾರೆ" ಎಂದಳು. ನಲವತ್ತು ದಾಟಿದ ನಾನೂ ಖುಷಿಯಾಗಿಯೇ ಇದ್ದೆ, ಆದರೆ ಕಾರಣ ಬೇರೆ. ಅವನು ನನ್ನನ್ನು ಅಕ್ಕ ಮಾಡಿದ್ದ. ಒಂದೇ ಪದಕ್ಕೆ ಇಬ್ಬರೂ ಹಿಗ್ಗಿ, ಬೇಡದ ಎರಡು ಸೀರೆ ತಂದಿದ್ದೆವು. ಅದೇ ಪದ ಹಿಂದಿಗೆ ಹೋದರೆ ದೊಡ್ಡಪ್ಪನ ಹೆಂಡತಿ.

ತಾಯಿಯ ಒಳಗೇ ಆಯಿ ಇದ್ದಾಳೆ ಅನ್ನುತ್ತಾರೆ ಭಾಷೆ ಬಲ್ಲವರು. ಹಳೆಯ ತಮಿಳಿನಲ್ಲಿ ಮೂರು ಪದಗಳಿದ್ದವು. 'ಯಾಯ್' ಅಂದರೆ ನನ್ನ ತಾಯಿ, 'ಞಾಯ್' ಅಂದರೆ ನಿನ್ನ ತಾಯಿ, 'ತಾಯ್' ಅಂದರೆ ಅವನ ಅಥವಾ ಅವಳ ತಾಯಿ. ಮೂರರಲ್ಲೂ ಉಳಿಯುವುದು 'ಆಯ್'. ಅದರ ಮೊದಲು ಬರುವ ಸದ್ದು ಅವಳು ಯಾರಿಗೆ ಸೇರಿದವಳು ಅಂತ ಹೇಳುತ್ತಿತ್ತು. ನನ್ನವಳೂ ನಿನ್ನವಳೂ ಬಳಕೆ ತಪ್ಪಿದರು, ಅವರವಳು ಉಳಿದಳು. ಹಾಗೆ ನೋಡಿದರೆ ನಾವು "ನನ್ನ ತಾಯಿ" ಅಂದಾಗಲೆಲ್ಲ "ನನ್ನ ಅವರ-ತಾಯಿ" ಅಂದ ಹಾಗೆ. ಯಾವ ಮಗುವೂ ತಲೆ ಕೆಡಿಸಿಕೊಂಡಿಲ್ಲ.

ಇಷ್ಟಾದ ಮೇಲೆ ಮರಾಠಿಯ ಆಈ ಬೇರೆ, ಕನ್ನಡದ ಆಯಿ ಬೇರೆ ಅಂತ ಗೆರೆ ಕೊರೆದು ಹೇಳಲು ನನಗೆ ಧೈರ್ಯ ಸಾಲದು. ಎರಡು ಭಾಷೆಗಳ ಕುಲ ಬೇರೆ ನಿಜ, ಒಂದು ದ್ರಾವಿಡ, ಇನ್ನೊಂದು ಸಂಸ್ಕೃತದ ಕಡೆಯದು. ಆದರೆ ಅಕ್ಕಾ, ಅಣ್ಣಾ ಅನ್ನುವ ಪದಗಳು ನಮ್ಮ ಕಡೆಯಿಂದ ಮರಾಠಿಗೆ ಹೋಗಿವೆ. ಆಈಯೂ ಹಾಗೇ ಹೋಗಿರಬಹುದು ಅನ್ನುವವರಿದ್ದಾರೆ. ಅಲ್ಲಿಂದ ಇಲ್ಲಿಗೆ ಬಂದದ್ದೂ ಬೇಕಾದಷ್ಟಿದೆ. ಅತ್ತಿಗೆಗೆ ವೈನಿ ಅನ್ನದ ಮನೆ ನಮ್ಮ ಕಡೆ ಎಷ್ಟಿದೆ ಹೇಳಿ. ಕುಲ ಬೇರೆ ಇದ್ದರೂ ಸಕ್ಕರೆ, ಚಹಾಪುಡಿ ಸಾಲ ಕೊಟ್ಟು ತಂದು ಮಾಡಿದ ಮನೆಗಳು ಇವು. ಯಾವ ಬಟ್ಟಲು ಯಾರದ್ದು ಅಂತ ಈಗ ಯಾರೂ ಹೇಳಲಾರರು. ಸಾಲದ್ದಕ್ಕೆ ಕಾಲೇಜಿನಲ್ಲಿ ನನ್ನ ರೂಮಿನಲ್ಲಿದ್ದ ಸಿರ್ಸಿಯ ಹವ್ಯಕರ ಹುಡುಗಿ ಅಚ್ಚ ಕನ್ನಡದವಳು. ಅವಳೂ ಅಮ್ಮನಿಗೆ ಆಯಿ ಅನ್ನುತ್ತಿದ್ದಳು. "ಆಯಿ ನಾಳೆ ಬರ್ತಾಳೆ, ಮಂಚ ಕೊಡ್ತೀಯಾ?" ಎಂದು ಕೇಳಿದಾಗ ನಾನು ಅಜ್ಜಿ ಬರುತ್ತಾಳೆ ಅಂತ ಕೆಳಗಿನ ಮಂಚ ಖಾಲಿ ಮಾಡಿ, ಬಿಸಿನೀರಿನ ವ್ಯವಸ್ಥೆ ಮಾಡಿ ಕಾದಿದ್ದೆ. ಬಂದವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು.

ಕರಡಿ, ಚಂದ್ರ, ಪ್ರೀತಿ

ಇತ್ತೀಚೆಗೆ ಈ ಪದದ ಹುಚ್ಚು ಹಿಡಿದು, ಇದು ಬೇರೆ ಎಲ್ಲೆಲ್ಲಿ ಏನೇನು ವೇಷ ಹಾಕಿದೆ ಅಂತ ಹುಡುಕಿದೆ. ನಿಘಂಟು ಹಿಡಿದು ಜಗಳಕ್ಕೆ ಕೂತರೆ 'ಐ' ಬೇರೆ, 'ಆಯ್' ಬೇರೆ, 'ಆಯಿ' ಬೇರೆ. ಕೂಗಿ ಕರೆಯುವಾಗ ಕಿವಿ ಅಷ್ಟೆಲ್ಲ ಲೆಕ್ಕ ಇಡುವುದಿಲ್ಲ, ಹಾಗಾಗಿ ನಾನೂ ಇಡುವುದಿಲ್ಲ.

ತುರ್ಕಿಯಲ್ಲಿ ಇದು ಕರಡಿ. ಅದೇ ಭಾಷೆಯಲ್ಲಿ 'ಆಯ್' ಅಂದರೆ ಚಂದ್ರ. "ಚಂದ್ರನನ್ನು" ಅನ್ನಬೇಕಾದರೆ ಅದಕ್ಕೆ ಪ್ರತ್ಯಯ ಸೇರಿ ಮತ್ತೆ ಕರಡಿಯ ರೂಪವೇ ಆಗುತ್ತದೆ. ಅಂದರೆ ತುರ್ಕಿಯವನೊಬ್ಬ ರಾತ್ರಿ ಮನೆಗೆ ಬಂದು ಅದರ ಮುಂದೆ "ನೋಡಿದೆ" ಅಂತಷ್ಟೇ ಸೇರಿಸಿ ಎರಡು ಪದದ ವಾಕ್ಯ ಹೇಳಿದರೆ ಅವನು ನೋಡಿದ್ದು ಚಂದ್ರನನ್ನೋ ಕರಡಿಯನ್ನೋ ಅಂತ ಅವನ ಮುಖ ನೋಡಿ ತಿಳಿಯಬೇಕು. ಚೀನಿಯಲ್ಲಿ ಸ್ವರದ ಏರಿಳಿತಕ್ಕೆ ತಕ್ಕಂತೆ ಅರ್ಥ ಬೇರೆಯಾಗುತ್ತದೆ. ಇಳಿಸಿ ಹೇಳಿದರೆ ಪ್ರೀತಿ, ಬಗ್ಗಿಸಿ ಎತ್ತಿದರೆ ಕುಳ್ಳ, ಸಮವಾಗಿ ಎಳೆದರೆ ಶೋಕ. ನಾಲ್ಕನೆಯದನ್ನು ಸದ್ಯಕ್ಕೆ ತೆಗೆದಿಟ್ಟಿರುತ್ತೇನೆ. ಚೀನಿಯ ಪ್ರೀತಿ ಜಪಾನಿಗೂ ಹೋಯಿತು. ಅಲ್ಲಿ ಅದರ ಪಕ್ಕದಲ್ಲೇ ನೀಲಿ ಬಣ್ಣ ಕೊಡುವ ಗಿಡಕ್ಕೂ 'ಐ' ಅಂತಲೇ ಹೆಸರಿತ್ತು. ದಕ್ಷಿಣ ಅಮೆರಿಕದ ತುಪಿ ಜನರ ಮಾತಿನಲ್ಲಿ ಇದು ಮರಕ್ಕೆ ಜೋತುಬಿದ್ದು ನಿಧಾನವಾಗಿ ಚಲಿಸುವ, ಮೂರು ಬೆರಳಿನ ಸ್ಲಾತ್ ಪ್ರಾಣಿ. ಅದರ ಕೂಗಿನಿಂದಲೇ ಆ ಹೆಸರು ಬಂತಂತೆ. ಇನ್ನು ನಮ್ಮ ತಾಯಿ ಥಾಯ್ಲೆಂಡಿಗೆ ಹೋಗುವುದೇ ಬೇಡ. ಅಲ್ಲಿ 'ತಾಯ್' ಅಂದರೆ ಸಾಯುವುದು.

ನನಗೆ ಜಾಸ್ತಿ ಇಷ್ಟವಾದದ್ದು ವಿಯೆಟ್ನಾಮಿನದು. ಅಲ್ಲಿ 'ಐ' ಅಂದರೆ 'ಯಾರು'. ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಆ ಹುಡುಗನೇ ಕೇಳುತ್ತಿದ್ದ ಹಾಗಾಯಿತು.

ಇಷ್ಟು ಸಣ್ಣ ಸದ್ದು ಇಷ್ಟು ಕಡೆ ಸಿಗುವುದು ದೊಡ್ಡ ಪವಾಡವೇನಲ್ಲ. ಬಾಯಲ್ಲಿ ಸುಲಭವಾಗಿ ಹೊರಡುವ ಸದ್ದುಗಳು ಕಡಿಮೆ, ಹೆಸರು ಬೇಕಾದ ವಸ್ತುಗಳು ಜಾಸ್ತಿ. ಅಮ್ಮ, ಅಪ್ಪ, ಮಾಮಾ, ಪಾಪಾಗಳು ಸಂಬಂಧವಿಲ್ಲದ ಭಾಷೆಗಳಲ್ಲೆಲ್ಲ ಯಾಕೆ ಸಿಗುತ್ತವೆ ಅಂತ ರೋಮನ್ ಯಾಕಬ್ಸನ್ ಎಂಬ ಭಾಷಾಶಾಸ್ತ್ರಜ್ಞ 1959ರಲ್ಲಿ ವಿವರಿಸಿದ್ದರು. ಕೂಸು ತುಟಿ ಮುಚ್ಚಿ ತೆರೆದರೆ ಹುಟ್ಟುವ ಸದ್ದು ಅದು. ಹತ್ತಿರ ಇದ್ದವರು "ನನ್ನನ್ನೇ ಕರೆಯಿತು" ಅಂತ ಅದನ್ನು ತಮ್ಮ ಹೆಸರು ಮಾಡಿಕೊಳ್ಳುತ್ತಾರೆ. ಜಾರ್ಜಿಯಾ ದೇಶದಲ್ಲಿ ಮಾಮಾ ಅಂದರೆ ಅಪ್ಪ, ದೇದಾ ಅಂದರೆ ಅಮ್ಮ. ಆಯಿಗೆ ತುಟಿಯೂ ಬೇಡ, ಹಲ್ಲೂ ಬೇಡ. ಬಾಯಿ ತೆಗೆದು ಸ್ವಲ್ಪ ಕಿರಿದು ಮಾಡಿದರೆ ಆಯಿತು. ಹಲ್ಲು ಬಾರದವರೂ ಹಲ್ಲು ಹೋದವರೂ ಸಮನಾಗಿ ಅನ್ನಬಹುದು.

ಹುಂಜ ಮತ್ತು ಬೆಕ್ಕು

ಈ ಪಟ್ಟಿಯನ್ನು ನೋಡುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟು. ಕರಡಿಯಿಂದ ಯಾರೂ ಎಡವುವುದಿಲ್ಲ. ತುರ್ಕಿಯವನೊಬ್ಬ ನಮ್ಮ ಗಲ್ಲಿಗೆ ಬಂದು ಆಯಿ ಅಂತ ಕೇಳಿದರೂ ಕರಡಿ ಬಂತು ಅಂತ ಓಡಲಾರ. ಅರ್ಥ ಎಷ್ಟು ದೂರ ಇದ್ದರೆ ಅಷ್ಟು ಕ್ಷೇಮ. ಒಂದೇ ಒಂದು ಮೆಟ್ಟಿಲು ಆಚೆ ಈಚೆ ಇದ್ದರೆ ಮಾತ್ರ ಕಾಲು ಜಾರುವುದು. ತಾಯಿ, ಅಜ್ಜಿ ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ, ಇಬ್ಬರೂ ಹೆಂಗಸರು, ಇಬ್ಬರೂ ಸಾಯಬಹುದು. ಅದಕ್ಕೇ ಕಾಕೂ ಮಳೆಯಲ್ಲಿ ಓಡಿದ್ದು.

ಇದು ನನ್ನ ಗಲ್ಲಿಯ ತರ್ಕ ಅಂದುಕೊಂಡಿದ್ದೆ. ನೋಡಿದರೆ ನೂರು ವರ್ಷದ ಹಿಂದೆಯೇ ಜೂಲ್ ಝಿಲ್ಲಿಯೆರಾನ್ ಎಂಬುವರು ಫ್ರಾನ್ಸಿನ ಹಳ್ಳಿಗಳ ಮಾತಿನ ನಕಾಶೆ ಬರೆಯುವಾಗ ಇದನ್ನು ಕಂಡಿದ್ದರು. ಅವರ ಪರವಾಗಿ ಊರೂರು ಸುತ್ತಿದವರು ಎಡ್ಮಂಡ್ ಎಡ್ಮಾನ್ ಅಂತ, ಕಿರಾಣಿ ಅಂಗಡಿಯ ಮನುಷ್ಯ, ಕಿವಿ ಬಹಳ ಚುರುಕು. 1897ರಿಂದ 1901ರವರೆಗೆ ಸೈಕಲ್ ತುಳಿದು 639 ಊರುಗಳಲ್ಲಿ ಜನ ಯಾವುದಕ್ಕೆ ಏನನ್ನುತ್ತಾರೆ ಅಂತ ಬರೆದುಕೊಂಡರು. ಆ ದೇಶದ ನೈಋತ್ಯ ಮೂಲೆಯಲ್ಲಿ ಒಂದು ವಿಚಿತ್ರ ಸಿಕ್ಕಿತು. ಲ್ಯಾಟಿನ್ನಿನ ಹುಂಜದ ಪದ ಸವೆದು 'ಗಾಟ್' ಆಗಬೇಕಿತ್ತು. ಬೆಕ್ಕಿನ ಪದವೂ ಸವೆದು 'ಗಾಟ್' ಆಗಿತ್ತು. "ಗಾಟ್ ಕೋಳಿಗೂಡಿಗೆ ಹೊಕ್ಕಿದೆ" ಅಂದರೆ ರೈತ ಮತ್ತೆ ಮಲಗಬೇಕೋ ದೊಣ್ಣೆ ಹಿಡಿದು ಓಡಬೇಕೋ? ಜನ ಏನು ಮಾಡಿದರು ಅಂದರೆ ಹುಂಜದ ಹೆಸರನ್ನೇ ಬಿಟ್ಟುಬಿಟ್ಟರು. ಕೆಲವು ಊರಲ್ಲಿ ಅದಕ್ಕೆ ಕಾಡುಕೋಳಿಯಂಥ ಇನ್ನೊಂದು ಹಕ್ಕಿಯ ಹೆಸರು ಕೊಟ್ಟರು. ಇನ್ನು ಕೆಲವು ಊರಲ್ಲಿ ಸ್ಥಳೀಯ ಅಧಿಕಾರಿಯ ಪದವಿಯ ಹೆಸರು ಕೊಟ್ಟರು. ನಾವು ಹುಂಜಕ್ಕೆ "ಗೌಡ್ರು" ಅಂದ ಹಾಗೆ. ನಡಿಗೆ ನೋಡಿದರೆ ಒಪ್ಪುತ್ತದೆ ಕೂಡ.

ಈಗ ಚೀನಿಯ ನಾಲ್ಕನೆಯ ಅರ್ಥ. ಅಲ್ಲಿ ಕ್ಯಾನ್ಸರಿಗೂ ಉರಿಯೂತಕ್ಕೂ ಮೊದಲು ಒಂದೇ ಉಚ್ಚಾರ ಇತ್ತು, 'ಯೆನ್'. ಬರೆದರೆ ಬೇರೆ ಅಕ್ಷರ, ಬಾಯಲ್ಲಿ ಹೇಳಿದರೆ ಒಂದೇ. ಡಾಕ್ಟರು "ಹೊಟ್ಟೆಯ ಯೆನ್" ಅಂದರೆ ಎರಡು ದಿನ ಗಂಜಿ ಕುಡಿದು ಮಲಗುವುದೋ, ಮನೆಯವರನ್ನೆಲ್ಲ ಕರೆಸುವುದೋ? ಅದಕ್ಕೇ ಕ್ಯಾನ್ಸರಿನ ಉಚ್ಚಾರವನ್ನು ಬೇಕೆಂದೇ ಬದಲಿಸಿದರು. ಬದಲಿಸಿ ಏನು ಮಾಡಿದರು ಗೊತ್ತಾ? ಸ್ವರ ಏರಿಸಿ ಹೇಳುವ 'ಆಯ್'. ಪ್ರೀತಿಯ ಪಕ್ಕದ ಸೀಟು ಖಾಲಿ ಇತ್ತು, ಅಲ್ಲಿ ಕೂರಿಸಿದರು. ಪ್ರೀತಿಯನ್ನೂ ಕ್ಯಾನ್ಸರನ್ನೂ ಯಾರೂ ಅದಲು ಬದಲು ಮಾಡಿಕೊಳ್ಳುವುದಿಲ್ಲವಲ್ಲ. ಜಪಾನಿನಲ್ಲೂ ಹೀಗೇ. ವಿಜ್ಞಾನಕ್ಕೂ ರಸಾಯನಶಾಸ್ತ್ರಕ್ಕೂ 'ಕಾಗಾಕು' ಎಂಬ ಒಂದೇ ಉಚ್ಚಾರ. ಎರಡೂ ಒಂದೇ ಶಾಲೆಯ ವಿಷಯಗಳು. ಹಾಗಾಗಿ ರಸಾಯನಶಾಸ್ತ್ರವನ್ನು ಬೇರೆ ರೀತಿ ಓದಿ 'ಬಾಕೆಗಾಕು' ಅನ್ನುತ್ತಾರೆ. ಪ್ರೀತಿ ಮತ್ತು ನೀಲಿ ಗಿಡವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ನಮ್ಮ ಮನೆಯಲ್ಲೂ ಒಂದು ಹುಂಜ ಕಾಣೆಯಾಗಿದೆ ಅಂತ ಗೊತ್ತಾಯಿತು. ನನ್ನ ಮಕ್ಕಳು ನನ್ನವ್ವನಿಗೆ ಆಯಿ ಅನ್ನುವುದಿಲ್ಲ, ಅಜ್ಜಿ ಅನ್ನುತ್ತಾರೆ. ಅಣ್ಣನ ಮಕ್ಕಳೂ ಅಷ್ಟೇ. ಯಾವಾಗ ಬಿಟ್ಟೆವು? ಶಾಲೆಯ ಪುಸ್ತಕದಲ್ಲಿ ಅಜ್ಜಿ ಅಂತಲೇ ಇತ್ತು, ಟಿವಿಯಲ್ಲೂ ಅಜ್ಜಿಯೇ. ಆದರೆ ಅಣ್ಣನ ಮೊದಲ ಮಗು ಮಾತು ಕಲಿಯುವಾಗ ಅವ್ವನೇ ಹೇಳಿದ್ದು ನನಗೆ ನೆನಪಿದೆ. "ಆಯಿ ಗೀಯಿ ಬ್ಯಾಡ. ಆಜೂಬಾಜೂದವ್ರು ಮತ್ತ ನನ್ನ ಮಣ್ಣಿಗೆ ಬಂದಾರು." ಎಲ್ಲರೂ ನಕ್ಕೆವು. ಪದ ಅಲ್ಲಿಗೆ ಮುಗಿಯಿತು. 1984ರಲ್ಲಿ ತೀರಿಕೊಂಡವಳೇ ನಮ್ಮ ಮನೆಯ ಕೊನೆಯ ಆಯಿ.

ಆಯಾ

ಹೋದ ವರ್ಷ ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ರಾತ್ರಿ ನಾನೇ ಜೊತೆಗಿದ್ದೆ. ಆ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು, ಖಾನಾಪುರ ಕಡೆಯವಳು, ನಿದ್ದೆಗಣ್ಣಲ್ಲೂ ಬೇಸರವಿಲ್ಲದ ಹೆಂಗಸು. ಆಯಾ ಅನ್ನುವುದು ನಮ್ಮ ಪದ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ, ಆಯಿಯ ತಂಗಿ ಇರಬೇಕು ಅಂತ. ಅಲ್ಲ. ಅದು ಪೋರ್ಚುಗೀಸರ 'ಆಯಾ', ಮಕ್ಕಳನ್ನು ನೋಡಿಕೊಳ್ಳುವ ದಾದಿ. ಅವರ ಜೊತೆ ಹಡಗಿನಲ್ಲಿ ಬಂದದ್ದು. ಲ್ಯಾಟಿನ್ನಿನ 'ಅವಿಯಾ' ಅದರ ಮೂಲ ಅಂತ ನಿಘಂಟುಗಳು ಹೇಳುತ್ತವೆ. ಅವಿಯಾ ಅಂದರೆ ಏನು ಅಂತ ನೋಡಿದರೆ, ಅಜ್ಜಿ! ಎಲ್ಲಿಯ ರೋಮ್, ಎಲ್ಲಿಯ ಬೈಲಹೊಂಗಲ. ಕುಲವಿಲ್ಲ, ಸಾಲವಿಲ್ಲ, ಆದರೂ ಇಬ್ಬರು ಅಜ್ಜಿಯರು ಬೆಳಗಾವಿಯ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಸೇರಿದ್ದರು.

ಮೂರು ಗಂಟೆ ಹೊತ್ತಿಗೆ ಅವ್ವ ನಿದ್ದೆಯಲ್ಲಿ "ಆಯೀ..." ಅಂದಳು. ಮೆಲ್ಲಗೆ, ಎಳೆದು. ನನಗೆ ಮೈ ಜುಂ ಅಂತು. ಎಷ್ಟು ವರ್ಷವಾಗಿತ್ತು ನಮ್ಮ ಮನೆಯವರ ಬಾಯಲ್ಲಿ ಆ ಪದ ಕೇಳಿ. ಯಾರನ್ನು ಕರೆದಳು? ತನ್ನ ತಾಯಿಗೆ ಅವ್ವ ಅಂತಲೇ ಅನ್ನುತ್ತಿದ್ದಳು. ನಮ್ಮ ಆಯಿ ಅವಳಿಗೆ ಅತ್ತೆ, ಅತ್ತೆಯನ್ನು ಈ ಹೊತ್ತಿನಲ್ಲಿ ಯಾಕೆ ಕರೆಯುತ್ತಾಳೆ? ಸತ್ತವರನ್ನು ಕರೆದರೆ ಒಳ್ಳೆಯದಲ್ಲ ಅಂತ ಹಿರಿಯರು ಅನ್ನುವ ಮಾತು ಬೇರೆ ನೆನಪಾಯಿತು. ಅಷ್ಟರಲ್ಲಿ ಬಾಗಿಲ ಬಳಿ ಚಾಪೆ ಹಾಸಿ ಮಲಗಿದ್ದ ಆಯಾ ಎದ್ದು ಬಂದಳು. "ಕರದ್ರಿ? ಏನ ಬೇಕ್ರೀ ಅಕ್ಕಾರ?" ಎನ್ನುತ್ತಾ ಅವ್ವನ ತಲೆ ಎತ್ತಿ ದಿಂಬು ಸರಿ ಮಾಡಿ, ನರ್ಸನ್ನು ಕೇಳಿ ಬಂದು, ಎರಡು ಚಮಚ ಬಿಸಿನೀರು ಕುಡಿಸಿದಳು. ಅವ್ವ ಕಣ್ಣು ತೆರೆಯದೆಯೇ ಕುಡಿದು ಮಲಗಿದಳು. ನಾನು ಬೆಳಗಿನವರೆಗೆ ಎದ್ದೇ ಇದ್ದೆ.

ಬೆಳಿಗ್ಗೆ ಚಹಾ ಬಂದ ಮೇಲೆ ಕೇಳಿದೆ.

"ರಾತ್ರಿ ಯಾರನ್ನ ಕರದಿ ಬೇ?"

"ನಾನೆಲ್ಲಿ ಕರದೆ?"

"ಆಯೀ ಅಂದಿ. ಊರಾನ ಆಯಿ ನೆನಪಾದ್ಲೇನು?"

ಅವ್ವ ನನ್ನನ್ನು ಬಸ್‌ಸ್ಟ್ಯಾಂಡಿನ ಹುಡುಗ ಆಮೇಲೆ ನೋಡಿದಂತೆಯೇ ನೋಡಿದಳು. "ಹೊಲಿಗಿ ಜಗ್ಗಿತು" ಎಂದಳು. "ನೋಯ್ತು, ಆಯ್ ಅಂದೆ. ಬಿಸಿನೀರು ಬೇಷಿತ್ತು, ಆಕಿಗೆ ಚಾ ಕೊಟ್ಟಿ ಏನು?"